ಕೀ ಎನ್ನುವ ಮೌನ

ರಾತ್ರಿ ಫ್ಯಾನ್ ಆರಿಸಿದ ಕೂಡಲೇ ಅದು ಶುರುವಾಗುತ್ತದೆ. ಶುರುವಾಗುತ್ತದೆ ಎಂದರೆ ತಪ್ಪಾದೀತು. ಹಗಲೆಲ್ಲ ಇದ್ದೇ ಇರುತ್ತದೆ. ಫ್ಯಾನಿನ ಗಾಳಿ, ರಸ್ತೆಯ ವಾಹನ, ಪಕ್ಕದ ಮನೆಯ ಟಿವಿ ಎಲ್ಲ ಸೇರಿ ಅದನ್ನು ಮುಚ್ಚಿಟ್ಟಿರುತ್ತವೆ. ಹಳೆಯ ಕಾಲದ ಡಬ್ಬಿ ಟಿವಿಯನ್ನು ಹಾಕಿ ಧ್ವನಿಯನ್ನು ಪೂರ್ತಿ ತಗ್ಗಿಸಿದರೆ ಪೆಟ್ಟಿಗೆಯೊಳಗಿಂದ ತೆಳ್ಳಗೆ ಒಂದು ಕೀ ಕೇಳುತ್ತಿತ್ತಲ್ಲ, ಅಂಥದೇ ಸದ್ದು. ಬಲಗಿವಿಯಲ್ಲಿ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಉಸಿರಾಡಲು ಅದಕ್ಕೆ ಪುರುಸೊತ್ತೇ ಬೇಕಾಗಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಕೆಟ್ಟ ಜ್ವರ ಬಂತು, ಅದರ ಬೆನ್ನಿಗೇ ಕಿವಿಯ ಸೋಂಕು. ಸೋಂಕು ಹೋಯಿತು, ಸದ್ದು ಉಳಿಯಿತು. ಕಿವಿಯ ವೈದ್ಯರು ಶ್ರವಣ ಪರೀಕ್ಷೆ ಮಾಡಿಸಿದರು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಡುತ್ತಾರೆ. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಮೊದಮೊದಲು ಸುಲಭವಾಗಿತ್ತು. ಸದ್ದುಗಳು ಸಣ್ಣದಾಗುತ್ತ ಹೋದಂತೆ ಯಂತ್ರದ್ದು ಯಾವುದು, ನನ್ನದು ಯಾವುದು ಎಂಬುದೇ ಗೊತ್ತಾಗದೆ, ಪರೀಕ್ಷೆಯಲ್ಲಿ ಉತ್ತರ ಬಾರದ ಹುಡುಗನಂತೆ ಅಂದಾಜಿನ ಮೇಲೆ ಒತ್ತಿದೆ. ಹೊರಗೆ ಬಂದಾಗ ಕಾಗದದ ಮೇಲೆ ಒಂದು ಗೆರೆ ಇತ್ತು. ಎತ್ತರದ ಸ್ವರಗಳ ಕಡೆಗೆ ಹೋಗುತ್ತ ಹೋಗುತ್ತ ಅದು ಬಂಡೆಯ ಅಂಚಿನಿಂದ ಬಿದ್ದಂತೆ ಕುಸಿದಿತ್ತು.

ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ ಎಂದು ವೈದ್ಯರು ವಿವರಿಸಿದರು. ಆ ಕೋಶಗಳ ಕಡೆಯಿಂದ ಬರಬೇಕಾದ ಸುದ್ದಿ ಬಾರದಿದ್ದಾಗ ಮೆದುಳು ತನ್ನ ವಾಲ್ಯೂಮನ್ನು ತಾನೇ ಏರಿಸಿಕೊಂಡು ಕಾಯುತ್ತದೆ, ಆ ಕಾಯುವಿಕೆಯೇ ಸದ್ದಾಗಿ ಕೇಳುತ್ತಿರಬಹುದು ಎಂಬುದು ತಜ್ಞರ ಒಂದು ವಾದವಂತೆ. ಈ ಮಾತು ನನಗೆ ಬಹಳ ಹಿಡಿಸಿತು. ಮುಂದಿನ ಮಾತು ಹಿಡಿಸಲಿಲ್ಲ: "ಪೂರ್ತಿ ನಿಶ್ಶಬ್ದದಲ್ಲಿ ಕೂರಬೇಡಿ. ಫ್ಯಾನಾದರೂ ಓಡುತ್ತಿರಲಿ. ಸದ್ದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ, ಅದಕ್ಕೆ ನೀವು ಕೊಡುವ ಬೆಲೆಯನ್ನು ಇಳಿಸುವುದು ನಿಮ್ಮ ಕೈಯಲ್ಲಿದೆ."

ನಾನು ನಕ್ಕುಬಿಟ್ಟೆ. ಅದಕ್ಕೂ ಏಳು ವರ್ಷ ಮೊದಲಿನಿಂದ ಬೆಳಗಿನ ಜಾವ ಒಂದು ಗಂಟೆ ಕಣ್ಣು ಮುಚ್ಚಿ ಕೂರುವ ಅಭ್ಯಾಸ ನನ್ನದು. ನಿಶ್ಶಬ್ದವೇ ನನ್ನ ಆಸ್ತಿ ಎಂದುಕೊಂಡಿದ್ದವನಿಗೆ ವೈದ್ಯರು ನಿಶ್ಶಬ್ದವನ್ನೇ ಅಪಥ್ಯದ ಪಟ್ಟಿಗೆ ಸೇರಿಸಿದ್ದರು.

ಆಮೇಲೆ ಓದಿ ತಿಳಿದದ್ದು, ನನ್ನ ಆಸ್ತಿ ಮೊದಲಿಗೇ ಇರಲಿಲ್ಲವೆಂದು. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಸಂಶೋಧಕರು ಶ್ರವಣದೋಷವಿಲ್ಲವೆಂದು ತೋರುತ್ತಿದ್ದ 80 ಜನರನ್ನು ಒಬ್ಬೊಬ್ಬರಾಗಿ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸುತ್ತದೆ ಎಂದು ಬರೆಸಿಕೊಂಡರು. ಶೇ. 94 ಮಂದಿಗೆ ಏನಾದರೊಂದು ಕೇಳಿಸಿತ್ತು: ಗುಂಯ್, ಕೀ, ಮೊರೆತ. ಅದಕ್ಕೆ ಎರಡು ವರ್ಷ ಮೊದಲು ಸಂಗೀತಗಾರ ಜಾನ್ ಕೇಜ್ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರತಿಧ್ವನಿರಹಿತ ಕೋಣೆಯೊಳಗೆ ಹೋಗಿ, ಮೌನ ಹೇಗಿರುತ್ತದೆ ನೋಡೋಣವೆಂದು ನಿಂತರೆ ಎರಡು ಸದ್ದು ಕೇಳಿದವು, ಒಂದು ಎತ್ತರದ್ದು, ಒಂದು ತಗ್ಗಿನದು. ಎರಡೂ ಅವರ ಮೈಯವೇ. 1978ರಲ್ಲಿ ಬ್ರಿಟನ್ನಿನ ಡೇವಿಡ್ ಕೆಂಪ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆರೋಗ್ಯವಂತ ಕಿವಿ ತಾನೇ ಸಣ್ಣಗೆ ಸದ್ದು ಹೊರಡಿಸುತ್ತದೆ ಎಂದು ಮೈಕ್ ಇಟ್ಟು ತೋರಿಸಿದರು. ಈಗ ಹುಟ್ಟಿದ ಮಕ್ಕಳಿಗೆ ಕಿವಿ ಕೇಳುತ್ತದೆಯೇ ಎಂದು ನೋಡುವುದು ಹೆಚ್ಚಾಗಿ ಈ ಸದ್ದನ್ನು ಹಿಡಿದೇ. ಕೇಳುವ ಅಂಗ ಸುಮ್ಮನೆ ಕೇಳುತ್ತ ಕೂತಿರುವುದಿಲ್ಲ, ತಾನೂ ಏನನ್ನೋ ಗುನುಗುತ್ತಿರುತ್ತದೆ. ಇದನ್ನು ಓದಿದ ದಿನ ನನಗೆ ಸಮಾಧಾನವಾಯಿತೋ ಹೊಟ್ಟೆಯುರಿಯಿತೋ ಈಗಲೂ ಹೇಳಲಾರೆ.

ಹೀಗಿರುವಾಗ ಧ್ಯಾನದ ಬಳಗದ ಹಿರಿಯರೊಬ್ಬರು ನನ್ನ ಕಿವಿಯ ಕಥೆ ಕೇಳಿ ಹುಬ್ಬೇರಿಸಿದರು. "ಯಾವ ಕಿವಿ?" ಎಂದರು. ಬಲಗಿವಿ ಎಂದೆ. "ಪುಣ್ಯವಂತರು ನೀವು! ಅದನ್ನು ಕಾಯಿಲೆ ಎನ್ನುತ್ತೀರಲ್ಲ!"

ಅವರು ಹೇಳಿದ್ದು ಹುಸಿಯಲ್ಲ. 15ನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯ ನಾಲ್ಕನೆಯ ಅಧ್ಯಾಯದಲ್ಲಿ, ಏಕಾಗ್ರಚಿತ್ತನಾಗಿ ಬಲಗಿವಿಯಲ್ಲಿ ಒಳಗಿನ ನಾದವನ್ನು ಕೇಳಬೇಕು ಎಂದು ಬರೆದೇ ಇದೆ. ಮೊದಲು ಕಡಲು, ಗುಡುಗು, ಭೇರಿ. ಆಮೇಲೆ ಶಂಖ, ಗಂಟೆ. ಕೊನೆಕೊನೆಗೆ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿಯ ಝೇಂಕಾರ. ಎರಡು ವಸ್ತುಗಳು ಬಡಿಯದೆ ಹುಟ್ಟುವ ಸದ್ದು, ಅನಾಹತ. ಇದೇ ನೆಲದ ವೈದ್ಯ ಸುಶ್ರುತ 28 ಕಿವಿರೋಗಗಳನ್ನು ಎಣಿಸುವಾಗ ಕರ್ಣನಾದವನ್ನೂ ಆ ಸಾಲಿನಲ್ಲಿ ಕೂರಿಸಿದ್ದಾನೆ. ಎರಡೂ ಹೆಸರಿನಲ್ಲಿ ನಾದವಿದೆ. ಒಂದನ್ನು ಒಪ್ಪಿದರೆ ನಾನು ಸಾಧಕ, ಇನ್ನೊಂದನ್ನು ಒಪ್ಪಿದರೆ ರೋಗಿ. ಯಾವುದನ್ನು ಆರಿಸಿಕೊಂಡಿರಬಹುದು, ನೀವೇ ಹೇಳಿ.

ಐದಾರು ತಿಂಗಳು ಆ ಹುಚ್ಚು ಚೆನ್ನಾಗಿಯೇ ಹಿಡಿಯಿತು. ಬೆಳಗಿನ ಒಂದು ಗಂಟೆ ಎರಡಾಯಿತು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೊಬೈಲನ್ನು ಮೌನಕ್ಕೆ ಹಾಕಿ ಪಕ್ಕದ ಕೋಣೆಯಲ್ಲಿಟ್ಟು, ಬಲಗಿವಿಯನ್ನೇ ಕಾಯುತ್ತ ಕೂರುತ್ತಿದ್ದೆ. ಕೀ ಎನ್ನುವುದರ ಹಿಂದೆ ಗೆಜ್ಜೆ ಇದೆಯೇ? ಇವತ್ತು ಸ್ವಲ್ಪ ಕೊಳಲಿನಂತೆ ಇದೆಯೇ? ಇದೆ ಅನ್ನಿಸುತ್ತಿತ್ತು. ಮನಸ್ಸಿಗೆ ಬೇಕಾದುದನ್ನು ಕಿವಿ ಕೇಳಿಸದೆ ಬಿಡುತ್ತದೆಯೇ? ಎದ್ದು ಹೊರಬರುವಾಗ ಮನೆಯವರ ಮುಖ ನೋಡುವ ನೋಟದಲ್ಲೇ ಒಂದು ಮೆಲ್ಲನೆಯ ಕರುಣೆ ಸೇರಿಕೊಂಡಿರುತ್ತಿತ್ತು, ಪಾಪ ಇವರಿಗೆ ಇದೆಲ್ಲ ಕೇಳಿಸುವುದಿಲ್ಲವಲ್ಲ ಎಂಬ ಕರುಣೆ. ಅದನ್ನು ಅಹಂಕಾರ ಎನ್ನುತ್ತಾರೆಂದು ಗೊತ್ತಿದ್ದರೂ, ಆ ದಿನಗಳಲ್ಲಿ ಆ ಪದ ಬೇರೆಯವರಿಗೆ ಮಾತ್ರ ಹೊಂದುತ್ತಿತ್ತು.

ಒಳಗಿನ ನಾದದ ಬೆನ್ನು ಹಿಡಿಯುವ ಈ ನಾದಾನುಸಂಧಾನ ಸುಳ್ಳೆಂದು ಹೇಳುತ್ತಿಲ್ಲ. ಆ ಗ್ರಂಥವೇ ನಾದದಲ್ಲಿ ನಿಲ್ಲುವುದಿಲ್ಲ. ನಾದ ಇರುವವರೆಗೆ ಆಕಾಶದ ಕಲ್ಪನೆ, ನಿಶ್ಶಬ್ದವಾದುದೇ ಪರಬ್ರಹ್ಮ ಎಂದು ಮುಂದೆ ಹೋಗುತ್ತದೆ. ನಾನು ಆ ಪುಟದವರೆಗೆ ಹೋಗಿರಲಿಲ್ಲ. ದುಂಬಿಯ ಹತ್ತಿರವೇ ನಿಂತಿದ್ದೆ.

ಆ ಹುಚ್ಚು ಬಿಟ್ಟದ್ದು ಅಮ್ಮ ತೀರಿಕೊಂಡಾಗ. ಅದರ ಹಿಂದೆಯೇ ಅಣ್ಣನ ಜೊತೆ ಮಾತು ಬಿಟ್ಟುಹೋಯಿತು.

ಅಮ್ಮ ಆಸ್ಪತ್ರೆಯಲ್ಲಿದ್ದರು, ಅಣ್ಣ ಜೊತೆಗಿದ್ದ. ಒಂದು ಬೆಳಗ್ಗೆ ಉಸಿರು ಕೆಟ್ಟಿತು. ಕೃತಕ ಉಸಿರಾಟದ ಯಂತ್ರಕ್ಕೆ ಹಾಕುವುದೋ ಬೇಡವೋ ಎಂದು ಅಲ್ಲಿಯವರು ಕೇಳಿದರು, ಬೇಡವೆಂದು ಅಣ್ಣ ಸಹಿ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಅಮ್ಮ ಇರಲಿಲ್ಲ. ಹದಿಮೂರನೆಯ ದಿನ, ನೆಂಟರೆಲ್ಲ ಹೋದ ಮೇಲೆ, ನಾನು ಕೇಳಿದೆ: "ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ ನಿನಗೆ?" ಅವನು ಏನೋ ಹೇಳಿದ. ನಾನೂ ಹೇಳಿದೆ. ಅಲ್ಲಿಗೆ ಮುಗಿಯಿತು. ಮುಂದೆ ಎರಡು ವರ್ಷ ನಾವು ಮಾತಾಡಲಿಲ್ಲ.

ಆ ಎರಡು ವರ್ಷವೂ ನಾನು ಬೆಳಗ್ಗೆ ಕೂರುವುದನ್ನು ತಪ್ಪಿಸಲಿಲ್ಲ ಎಂಬುದನ್ನು ಹೇಳಲೇಬೇಕು. ಬೆನ್ನು ನೆಟ್ಟಗೆ, ಕಣ್ಣು ಮುಚ್ಚಿ. ನೋಡಿದವರಿಗೆ ಶಾಂತಮೂರ್ತಿ. ಒಳಗೆ ನ್ಯಾಯಾಲಯ. ದಿನಾ ಅದೇ ಮೊಕದ್ದಮೆ: ನಾನೇ ವಾದಿ, ನಾನೇ ವಕೀಲ, ನಾನೇ ನ್ಯಾಯಾಧೀಶ, ಅಣ್ಣನಿಗೆ ಕಟಕಟೆ. ನನ್ನ ವಾದ ದಿನದಿನಕ್ಕೆ ಹರಿತವಾಗುತ್ತಿತ್ತು. ತೀರ್ಪು ಯಾವಾಗಲೂ ನನ್ನ ಕಡೆಗೇ. ಗೆದ್ದು ಎದ್ದರೆ ದವಡೆ ನೋಯುತ್ತಿತ್ತು.

ಮೌನಕ್ಕೆ ಹೆದರುವವರ ಬಗ್ಗೆ ಒಂದು ಪ್ರಯೋಗದ ವರದಿ 2014ರಲ್ಲಿ ಸುದ್ದಿಯಾಗಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಟಿಮೊಥಿ ವಿಲ್ಸನ್ ಮತ್ತು ಸಂಗಡಿಗರು ಜನರನ್ನು 15 ನಿಮಿಷ ಖಾಲಿ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿದರು. ಕೈಯಳತೆಯಲ್ಲಿ ಒಂದು ಗುಂಡಿ. ಒತ್ತಿದರೆ ವಿದ್ಯುತ್ತಿನ ಸಣ್ಣ ಆಘಾತ. ಆ ಆಘಾತ ಎಷ್ಟು ಅಹಿತವೆಂದರೆ ಹಣ ಕೊಟ್ಟಾದರೂ ತಪ್ಪಿಸಿಕೊಳ್ಳುತ್ತೇವೆ ಎಂದು ಮೊದಲೇ ಹೇಳಿದ್ದವರು ಅವರು. ಹಾಗಿದ್ದೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಸುಮ್ಮನೆ ಕೂರಲಾರದೆ ಗುಂಡಿ ಒತ್ತಿಕೊಂಡರು. ಇದನ್ನು ಓದಿ ನನ್ನ ಬಳಗದವರೆಲ್ಲ ನಕ್ಕದ್ದುಂಟು, ನಾನೂ ನಕ್ಕೆ. ಗುಂಡಿಯನ್ನು ಜೊತೆಗೇ ಒಳಗೆ ಒಯ್ದು, ಎರಡು ವರ್ಷ ದಿನಾ ಒತ್ತಿಕೊಳ್ಳುತ್ತಿದ್ದವನು ನಗಬಾರದಿತ್ತು.

ಅಂತರಂಗದ ಧ್ವನಿ ಎಂಬ ಮಾತನ್ನು ನಾವೆಲ್ಲ ಬಹಳ ಸಲೀಸಾಗಿ ಬಳಸುತ್ತೇವೆ. ಒಳಗಿನಿಂದ ಒಂದು ಧ್ವನಿ ಬರುತ್ತದೆ, ಅದು ಸತ್ಯವನ್ನೇ ನುಡಿಯುತ್ತದೆ, ನಾವು ಕೇಳಿಸಿಕೊಂಡರೆ ಸಾಕು ಎಂಬ ಭರವಸೆ. ನನಗೆ ಈಗ ಆ ಭರವಸೆಯಿಲ್ಲ. ಒಳಗಿನಿಂದ ಬರುವ ಧ್ವನಿಗಳು ಒಂದಲ್ಲ, ಸಂತೆಯಷ್ಟಿವೆ. ಅವುಗಳಲ್ಲಿ ಅತಿ ಗಂಭೀರವಾಗಿ, ಅತಿ ಖಚಿತವಾಗಿ ಮಾತಾಡುವುದು ಸಾಮಾನ್ಯವಾಗಿ ನನ್ನ ಹಟವೇ.

ಹೀಬ್ರೂ ಧರ್ಮಗ್ರಂಥದಲ್ಲಿ ಎಲೀಯನೆಂಬ ಪ್ರವಾದಿಯ ಕಥೆ ಇದೆ. ಜೀವಭಯದಿಂದ ಓಡಿಬಂದವನು ಹೋರೇಬ್ ಬೆಟ್ಟದ ಗವಿಯಲ್ಲಿ ಅಡಗಿದ್ದಾನೆ. ಬಂಡೆಯೊಡೆಯುವ ಬಿರುಗಾಳಿ ಬೀಸುತ್ತದೆ, ದೇವರು ಅದರಲ್ಲಿಲ್ಲ. ಭೂಕಂಪ, ಅದರಲ್ಲಿಲ್ಲ. ಬೆಂಕಿ, ಅದರಲ್ಲೂ ಇಲ್ಲ. ಆಮೇಲೆ ಬರುವುದನ್ನು ಮೂಲದಲ್ಲಿ ಮೂರೇ ಪದದಲ್ಲಿ ಹೇಳಿದೆ: ಕೋಲ್ ದೆಮಾಮಾ ದಕ್ಕಾ. ತೆಳ್ಳನೆಯ ನಿಶ್ಶಬ್ದದ ದನಿ ಎಂದು ಅರ್ಥ ಮಾಡಬಹುದು. ಮೌನದ ಬಗ್ಗೆ ಪ್ರವಚನ ಕೊಡುವವರು ಎಲ್ಲ ಕಡೆಯೂ ಇಲ್ಲಿಗೆ ನಿಲ್ಲಿಸುತ್ತಾರೆ. ಕೇಳುವವರ ಮೈ ಜುಮ್ಮೆನ್ನುತ್ತದೆ.

ಕಥೆ ಮಾತ್ರ ಅಲ್ಲಿಗೆ ನಿಲ್ಲುವುದಿಲ್ಲ. ನನಗೆ ಅದರ ಮುಂದಿನ ನಾಲ್ಕು ಸಾಲೇ ಹೆಚ್ಚು ಪ್ರಿಯ. ಆ ಮೌನದ ಬಳಿಕ ಎಲೀಯನಿಗೆ ಕೇಳಿಸುವುದು ಉಪದೇಶವಲ್ಲ, ಒಂದು ಪ್ರಶ್ನೆ: ಎಲೀಯನೇ, ಇಲ್ಲಿ ನಿನಗೇನು ಕೆಲಸ? ಬಿರುಗಾಳಿಗೆ ಮೊದಲೂ ಇದೇ ಪ್ರಶ್ನೆಯನ್ನು ಅವನಿಗೆ ಕೇಳಲಾಗಿತ್ತು. ಆಗ ಅವನು ತನ್ನ ದೂರನ್ನು ಹೇಳಿಕೊಂಡಿದ್ದ: ನಾನೊಬ್ಬನೇ ನಿಷ್ಠೆಯಿಂದ ದುಡಿದೆ, ಉಳಿದವರೆಲ್ಲ ಕೈಬಿಟ್ಟರು, ಈಗ ನನ್ನ ಜೀವಕ್ಕೇ ಸಂಚಕಾರ. ಗಾಳಿ, ಕಂಪ, ಬೆಂಕಿ, ಮೌನ ಎಲ್ಲ ಆಗಿ, ಮೋರೆಯನ್ನು ಕಂಬಳಿಯಿಂದ ಮುಚ್ಚಿಕೊಂಡು ಗವಿಯ ಬಾಯಿಗೆ ಬಂದು ನಿಂತವನು ಎರಡನೆಯ ಸಲ ಕೊಡುವ ಉತ್ತರವೇನು? ಅದೇ ದೂರು. ಒಂದು ಪದವೂ ಹೆಚ್ಚುಕಡಿಮೆ ಇಲ್ಲ. ದೇವರ ಮೌನವನ್ನು ಕಿವಿಯಾರೆ ಕೇಳಿದ ಮನುಷ್ಯ ತನ್ನ ಅಹವಾಲನ್ನು ಬಾಯಿಪಾಠ ಒಪ್ಪಿಸುತ್ತಾನೆ. ಆ ಗ್ರಂಥವನ್ನು ಬರೆದವರಿಗೆ ಮನುಷ್ಯರು ಎಷ್ಟು ಚೆನ್ನಾಗಿ ಗೊತ್ತಿದ್ದರೋ! ನನ್ನ ಬೆಳಗಿನ ನ್ಯಾಯಾಲಯವನ್ನು ಯಾರೋ ಕಿಟಕಿಯಿಂದ ನೋಡಿ ಬರೆದಂತಿತ್ತು. ದೇವರು ವಾದಕ್ಕಿಳಿಯುವುದಿಲ್ಲ. ಬಂದ ದಾರಿ ಹಿಡಿದು ಹಿಂದಿರುಗು ಎಂದು ಹೇಳಿ, ಮಾಡಬೇಕಾದ ಕೆಲಸಗಳ ಪಟ್ಟಿ ಕೊಟ್ಟು ಕಳಿಸುತ್ತಾನೆ.

ಹಾಗಾದರೆ ಇಷ್ಟು ಧ್ವನಿಗಳ ಸಂತೆಯಲ್ಲಿ ಯಾವುದನ್ನು ನಂಬಬೇಕು? ಇದಕ್ಕೆ ನನಗೆ ದಾರಿ ತೋರಿಸಿದ್ದು ಒಬ್ಬ ಗಾಯಾಳು ಸೈನಿಕ. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾದಾಟದಲ್ಲಿ ಇಗ್ನೇಷಿಯಸ್ ಲೊಯೋಲನ ಕಾಲಿಗೆ ಫಿರಂಗಿ ಗುಂಡು ಬಡಿಯಿತು. ಮನೆಯಲ್ಲಿ ತಿಂಗಳುಗಟ್ಟಲೆ ಮಲಗಬೇಕಾಯಿತು. ಅವನಿಗೆ ಬೇಕಾಗಿದ್ದದ್ದು ವೀರರ ಪ್ರೇಮಕಥೆಗಳು. ಆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಮತ್ತು ಸಂತರ ಚರಿತ್ರೆಗಳು. ಮಲಗಿದಲ್ಲೇ ಒಮ್ಮೆ ಒಬ್ಬ ದೊಡ್ಡ ಮನೆತನದ ಹೆಣ್ಣಿನ ಮೆಚ್ಚುಗೆ ಗಳಿಸುವ ಸಾಹಸಗಳನ್ನು ಕಲ್ಪಿಸಿಕೊಳ್ಳುತ್ತಿದ್ದ, ಒಮ್ಮೆ ಸಂತರಂತೆ ಬದುಕುವುದನ್ನು. ಎರಡೂ ಕಲ್ಪಿಸಿಕೊಳ್ಳುವಾಗ ಸೊಗಸಾಗಿಯೇ ಇದ್ದವು. ಮುಗಿದ ಮೇಲೆ ಮಾತ್ರ ಒಂದು ಅವನನ್ನು ಒಣಗಿಸಿ ಹೋಗುತ್ತಿತ್ತು, ಇನ್ನೊಂದು ತಂಪಾಗಿ ಉಳಿಯುತ್ತಿತ್ತು. ಇಷ್ಟನ್ನು ಗಮನಿಸಿದ್ದೇ ಮುಂದೆ ಅವನು ಕಲಿಸಿದ ವಿವೇಚನೆಯ ಮಾರ್ಗಕ್ಕೆ ತಾಯಿಬೇರಾಯಿತು. ಆಲೋಚನೆ ಎಷ್ಟು ಪವಿತ್ರವಾಗಿ ಕಾಣುತ್ತದೆ ಎಂದು ನೋಡಬೇಡ, ಅದು ಹೋದ ಮೇಲೆ ಬಾಯಲ್ಲಿ ಯಾವ ರುಚಿ ಉಳಿಯಿತು ನೋಡು.

ಇದು ನನ್ನ ಕೈಗೆಟುಕುವ ವಿದ್ಯೆ ಅನ್ನಿಸಿತು. ನಾದ ಕೇಳುವುದಕ್ಕೆ ಪುಣ್ಯ ಬೇಕು, ದವಡೆ ನೋಯುತ್ತಿದೆಯೇ ಎಂದು ನೋಡಿಕೊಳ್ಳುವುದಕ್ಕೆ ದವಡೆಯಿದ್ದರೆ ಸಾಕು. ಕೂತು ಎದ್ದ ಮೇಲೆ ಎರಡು ನಿಮಿಷ ಅದನ್ನೇ ಗಮನಿಸತೊಡಗಿದೆ. ಮೊಕದ್ದಮೆ ಗೆದ್ದ ದಿನ ಬಾಯಿ ಒಣಗಿರುತ್ತಿತ್ತು, ಹೆಗಲು ಕಿವಿಯ ಹತ್ತಿರಕ್ಕೆ ಬಂದಿರುತ್ತಿತ್ತು. ವಾದ ಅರ್ಧಕ್ಕೇ ಬಿಟ್ಟುಹೋಗಿ ಸುಮ್ಮನೆ ಕೀ ಎನ್ನುವುದನ್ನು ಕೇಳಿಕೊಂಡು ಕೂತಿದ್ದ ದಿನ ಹಾಗಿರುತ್ತಿರಲಿಲ್ಲ. ಆ ದಿನಗಳಲ್ಲಿ ಏನೂ ಆಗಿರುತ್ತಿರಲಿಲ್ಲ, ಬೆಳಕೂ ಇಲ್ಲ, ಧ್ವನಿಯೂ ಇಲ್ಲ. ಎದ್ದಾಗ ಮೈ ನನ್ನದೇ ಅಳತೆಯದು ಅನ್ನಿಸುತ್ತಿತ್ತು, ಅಷ್ಟೇ.

ಅಂಥದೊಂದು ಬೆಳಗ್ಗೆ, ವಾದ ಇನ್ನೂ ಆರಂಭವಾಗಿರದ ಹೊತ್ತಿನಲ್ಲಿ, ಹದಿಮೂರನೆಯ ದಿನದ ಮಾತುಕತೆಯ ಒಂದು ವಾಕ್ಯ ನೆನಪಿಗೆ ಬಂತು. ಎರಡು ವರ್ಷದ ನನ್ನ ಕಲಾಪದಲ್ಲಿ ಅಣ್ಣನಿಗೆ ನಾನು ಬಗೆಬಗೆಯ ಮಾತು ಆಡಿಸಿದ್ದೆ, ಎಲ್ಲವೂ ಸೋಲುವ ಮಾತುಗಳೇ. ಅವನು ನಿಜವಾಗಿ ಆಡಿದ ಒಂದು ಮಾತನ್ನು ಮಾತ್ರ ಒಮ್ಮೆಯೂ ಆಡಗೊಟ್ಟಿರಲಿಲ್ಲ. ಅವನು ಹೇಳಿದ್ದು: "ಮೂರು ಸಲ ಫೋನ್ ಮಾಡಿದೆ."

ಮಾಡಿದ್ದ. ಆರೂ ಹತ್ತಕ್ಕೆ, ಆರೂ ಇಪ್ಪತ್ತೈದಕ್ಕೆ, ಆರೂ ಐವತ್ತಕ್ಕೆ. ಹನ್ನೊಂದು ಗಂಟೆಗೆ ಮೊಬೈಲ್ ಕೈಗೆತ್ತಿಕೊಂಡಾಗ ಪರದೆಯ ಮೇಲೆ ಸಾಲಾಗಿ ನಿಂತಿದ್ದವು. ಆ ಬೆಳಗ್ಗೆ ಐದೂವರೆಯಿಂದ ಏಳೂವರೆಯವರೆಗೆ ನಾನು ಕಿಟಕಿ ಮುಚ್ಚಿಕೊಂಡು ಬಲಗಿವಿಯಲ್ಲಿ ಕೊಳಲು ಹುಡುಕುತ್ತಿದ್ದೆ. ಎದ್ದ ಮೇಲೂ ಮೌನ ಕೆಡಬಾರದೆಂದು ಫೋನನ್ನು ಹಾಗೆಯೇ ಬಿಟ್ಟಿದ್ದೆ.

ಇದನ್ನು ಅಂತರಂಗದ ಧ್ವನಿ ಎನ್ನಲು ನನಗೆ ಸಂಕೋಚ. ಯಾರೂ ಏನೂ ನುಡಿಯಲಿಲ್ಲ. ಗೊತ್ತೇ ಇದ್ದ ಸಂಗತಿಯ ಮೇಲೆ ನಾನು ಇಟ್ಟಿದ್ದ ಕೈ ಸ್ವಲ್ಪ ಸಡಿಲವಾಯಿತು, ಅಷ್ಟೇ. ಆ ದಿನ ಎದ್ದಾಗ ದವಡೆ ನೋಯಲಿಲ್ಲ, ಬಹಳ ಹೊತ್ತು ಅಳು ಬಂತು. ಉಳಿದ ರುಚಿ ಉಪ್ಪಿನದು, ಒಣಗಿದ್ದಲ್ಲ.

ಆದರೂ ಕೂಡಲೇ ಅಣ್ಣನಿಗೆ ಫೋನ್ ಮಾಡಲಿಲ್ಲ. ಒಳಗೆ ಕಂಡದ್ದನ್ನು ಒಬ್ಬನೇ ನಂಬಿ ಮುಗ್ಗರಿಸಿದ ಅನುಭವ ಇತ್ತಲ್ಲ. ಕ್ರೈಸ್ತರ ಕ್ವೇಕರ್ ಪಂಥದವರಲ್ಲಿ ಒಂದು ಪದ್ಧತಿ ಇದೆ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಸಂಗಡಿಗರು ಕಟ್ಟಿದ ಈ ಪಂಥದ ಸಾಂಪ್ರದಾಯಿಕ ಆರಾಧನೆಯಲ್ಲಿ ಪಾದ್ರಿಯಿಲ್ಲ, ನಿಗದಿಯಾದ ಪ್ರಾರ್ಥನೆಯಿಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ, ಒಳಗಿನಿಂದ ತಳ್ಳಿದವರು ಎದ್ದು ಎರಡು ಮಾತು ಹೇಳಿ ಕೂರುತ್ತಾರೆ. ಕೆಲವು ಸಲ ಗಂಟೆ ಕಳೆದರೂ ಯಾರೂ ಏಳುವುದಿಲ್ಲ. ಅಷ್ಟು ಮಟ್ಟಿಗೆ ಒಳಗನ್ನು ನಂಬುವವರೂ ಒಬ್ಬನ ಒಳಧ್ವನಿಯನ್ನು ಅವನೊಬ್ಬನಿಗೇ ಬಿಡುವುದಿಲ್ಲ. ದೊಡ್ಡ ನಿರ್ಧಾರದ ಮುಂದೆ ನಿಂತವರು ನಾಲ್ಕಾರು ಸ್ನೇಹಿತರನ್ನು ಕರೆದು ಕೂರಿಸಿಕೊಳ್ಳಬಹುದು. ಬಂದವರು ಸಲಹೆ ಕೊಡಕೂಡದು, ಸಮಾಧಾನ ಹೇಳಕೂಡದು. ಪ್ರಶ್ನೆ ಮಾತ್ರ ಕೇಳಬೇಕು, ಅದೂ ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಳ್ಳದ ಪ್ರಶ್ನೆ. ಎಷ್ಟು ಕಷ್ಟ ನೋಡಿ! ಸಲಹೆ ಕೊಡದೆ ಐದು ನಿಮಿಷ ಇರಬಲ್ಲ ಸ್ನೇಹಿತರು ನಮ್ಮಲ್ಲಿ ಎಷ್ಟು ಮಂದಿಗಿದ್ದಾರೆ?

ನನಗೆ ಒಬ್ಬರಿದ್ದಾರೆ. ಅವರ ಮುಂದೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು: "ಫೋನ್ ಮಾಡಿದರೆ ಅವರಿಂದ ನಿಮಗೆ ಏನು ಬೇಕು?"

ಕ್ಷಮೆ ಬೇಕು ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೇಳಲು ಹೋದಾಗ ಅದೂ ಇನ್ನೊಂದು ಮೊಕದ್ದಮೆಯಂತೆ ಕೇಳಿಸಿತು. ಈ ಸಲ ನಾನೇ ಆರೋಪಿ, ಖುಲಾಸೆ ಮಾಡುವ ಕೆಲಸ ಅಣ್ಣನದು. ಉತ್ತರ ಕೊಡದೆ ಎದ್ದು ಬಂದೆ. ಏನೂ ಬೇಡ ಅನ್ನಿಸಲು ಇನ್ನೂ ಎರಡು ವಾರ ಹಿಡಿಯಿತು.

ಶಂಕರಾಚಾರ್ಯರು ಬ್ರಹ್ಮಸೂತ್ರದ ಭಾಷ್ಯದಲ್ಲಿ ಒಂದು ಪ್ರಸಂಗವನ್ನು ಎತ್ತಿ ಹೇಳುತ್ತಾರೆ. ಬಾಷ್ಕಲಿ ಎಂಬವನು ಬಾಧ್ವನೆಂಬ ಜ್ಞಾನಿಯ ಬಳಿ ಹೋಗಿ ಬ್ರಹ್ಮವನ್ನು ತಿಳಿಸಿಕೊಡಿ ಎನ್ನುತ್ತಾನೆ. ಬಾಧ್ವ ಸುಮ್ಮನಿರುತ್ತಾನೆ. ಮತ್ತೆ ಕೇಳಿದರೂ ಸುಮ್ಮನೆ. ಮತ್ತೂ ಕೇಳಿದಾಗ ಹೇಳುತ್ತಾನೆ: ಹೇಳುತ್ತಲೇ ಇದ್ದೇನೆ, ನಿನಗೇ ತಿಳಿಯುತ್ತಿಲ್ಲ. ಈ ಆತ್ಮ ಉಪಶಾಂತವಾದುದು. ಮೊದಲ ಸಲ ಓದಿದಾಗ ನನ್ನ ಸಹಾನುಭೂತಿ ಪೂರ್ತಿ ಬಾಷ್ಕಲಿಯ ಕಡೆಗಿತ್ತು. ಪಾಪ, ಅವನಾದರೂ ಏನು ಮಾಡಬೇಕಿತ್ತು? ಅಣ್ಣನ ಎರಡು ವರ್ಷದ ಮೌನವನ್ನು ಸಿಟ್ಟು ಎಂದು ಓದಿಕೊಂಡಿದ್ದವನಿಗೆ ಈಗ ಬಾಧ್ವನ ಮಾತು ಬೇರೆ ಥರ ಕೇಳಿಸತೊಡಗಿತು. ಬ್ರಹ್ಮದ ಮಾತು ಹಾಗಿರಲಿ, ಎದುರಿಗಿರುವ ಮನುಷ್ಯ ಸುಮ್ಮನಿದ್ದು ಏನು ಹೇಳುತ್ತಿದ್ದಾನೆ ಎಂಬುದನ್ನಾದರೂ ಕೇಳಿಸಿಕೊಳ್ಳದ ಧ್ಯಾನದ ಬಗ್ಗೆ ನನಗೆ ನಂಬಿಕೆ ಹೋಗಿದೆ.

ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಮಾಡಿದೆ. ಫ್ಯಾನ್ ಆರಿಸಿದ್ದೆ. ಅಭ್ಯಾಸಬಲದಿಂದ ಬಲಗಿವಿಗೇ ಹಿಡಿದಿದ್ದೆ. ಐದು ಸಲ ರಿಂಗಾಯಿತು, ಆಮೇಲೆ ನಿಂತಿತು. ಎತ್ತಿದ್ದಾನೆಂದು ಗೊತ್ತಾಯಿತು, ಮಾತಿಲ್ಲ.

"ಅಣ್ಣಾ," ಎಂದೆ. "ಆ ದಿನ ನೀನು ಮೂರು ಸಲ ಫೋನ್ ಮಾಡಿದ್ದೆ."

ಅತ್ತಲಿಂದ ಏನೂ ಬರಲಿಲ್ಲ. ಇನ್ನೊಂದು ಮಾತು ಸೇರಿಸಬೇಕೆಂದು ನಾಲಿಗೆ ಎರಡು ಸಲ ಎದ್ದಿತು, ತಡೆದುಕೊಂಡೆ. ಕಿವಿಯಲ್ಲಿ ಕೀ ಎನ್ನುತ್ತಿತ್ತು. ಅದರ ಹಿಂದೆ, ಸ್ವಲ್ಪ ತಡವಾಗಿ, ಇನ್ನೊಂದು ಸದ್ದು ಕೇಳಿಸಿತು. ಅಣ್ಣನ ಉಸಿರು. ಒಳಗೆ ಎಳೆದುಕೊಳ್ಳುವಾಗ ಮೂಗಿನಲ್ಲಿ ಸಣ್ಣಗೆ ಸಿಳ್ಳು. ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದಾಗಿನಿಂದ ನನಗೆ ಗೊತ್ತಿದ್ದ ಸಿಳ್ಳು. ಒಂದು ನಿಮಿಷವಿರಬಹುದು, ಎರಡಿರಬಹುದು.

"ಇನ್ನೂ ಮಲಗಲಿಲ್ಲವೇನೋ?" ಎಂದ.